ಬಕೆಟ್ಟಿನ ಕೆಳಗೊಂದು ಕೈ

ಹೆಮಿಂಗ್‌ವೇ 1929ರಲ್ಲಿ ಪ್ರಕಟಿಸಿದ 'ಎ ಫೇರ್‌ವೆಲ್ ಟು ಆರ್ಮ್ಸ್' ಕಾದಂಬರಿಯನ್ನು ತರಗತಿಯಲ್ಲಿ ಓದಿದವರಿಗೆ ಯುದ್ಧ, ಪ್ರೇಮ, ಮಳೆ ನೆನಪಾಗುತ್ತದೆ. ನನಗೆ ಮೊದಲು ನೆನಪಾಗುವುದು ಒಂದು ಬಕೆಟ್ಟು. 1987ರ 'ಈವಿಲ್ ಡೆಡ್ 2' ಸಿನೆಮಾದಲ್ಲಿ ಆಶ್ ಎಂಬ ನಾಯಕನ ಬಲಗೈಗೆ ದೆವ್ವ ಹಿಡಿಯುತ್ತದೆ. ಅವನಿಗಲ್ಲ, ಬರೀ ಕೈಗೆ. ಅಡುಗೆಮನೆಯಲ್ಲಿ ಆ ಕೈ ಒಂದೊಂದೇ ಪಿಂಗಾಣಿ ತಟ್ಟೆ ಎತ್ತಿ ಅವನ ತಲೆಗೇ ಒಡೆಯುತ್ತದೆ. ಕೂದಲು ಹಿಡಿದು ಅವನನ್ನೇ ಪಲ್ಟಿ ಹೊಡೆಸುತ್ತದೆ. ಅವನು ಮೂರ್ಛೆ ಬಿದ್ದಾಗ ಬೆರಳುಗಳನ್ನು ನೆಲಕ್ಕೆ ಊರಿ, ಇಡೀ ದೇಹವನ್ನು ದರದರ ಎಳೆದುಕೊಂಡು, ದೂರದಲ್ಲಿ ಬಿದ್ದಿರುವ ಕತ್ತಿಯ ಕಡೆ ಹೊರಡುತ್ತದೆ. ಕೊನೆಗೆ ಆಶ್ ಆ ಕೈಯನ್ನು ಚಾಕುವಿನಿಂದ ನೆಲಕ್ಕೆ ಚುಚ್ಚಿ ನಿಲ್ಲಿಸಿ, ಮರ ಕೊಯ್ಯುವ ಚೈನ್‌ಸಾದಿಂದ ತನ್ನ ಮಣಿಕಟ್ಟನ್ನು ತಾನೇ ಕತ್ತರಿಸಿಕೊಳ್ಳುತ್ತಾನೆ. ತುಂಡಾದ ಕೈ ಓಡಿಹೋಗಬಾರದೆಂದು ಅದರ ಮೇಲೆ ಬಕೆಟ್ಟು ಕವುಚಿ, ಬಕೆಟ್ಟಿನ ಮೇಲೆ ಭಾರಕ್ಕೆಂದು ಪುಸ್ತಕಗಳನ್ನು ಹೇರುತ್ತಾನೆ. ಎಲ್ಲಕ್ಕಿಂತ ಮೇಲಿನ ಪುಸ್ತಕ ಹೆಮಿಂಗ್‌ವೇಯದು. ಇಂಗ್ಲಿಷಿನಲ್ಲಿ ಆರ್ಮ್ಸ್ ಎಂದರೆ ಶಸ್ತ್ರವೂ ಹೌದು, ತೋಳೂ ಹೌದು.

ಈ ತಮಾಷೆಯನ್ನು ಸಿನೆಮಾ ಒತ್ತಿ ಹೇಳುವುದಿಲ್ಲ. ಕ್ಯಾಮೆರಾ ಒಂದು ಕ್ಷಣ ನಿಂತು ಮುಂದೆ ಹೋಗುತ್ತದೆ. ನೋಡಿದವರು ನೋಡಿದರು, ಬಿಟ್ಟವರು ಬಿಟ್ಟರು. ಒಂದು ಸಿನೆಮಾವನ್ನು ಊರೆಲ್ಲ ನೋಡುವುದು ಬೇರೆ, ನಾಲ್ಕು ಜನ ನಲವತ್ತು ಸಲ ನೋಡುವುದು ಬೇರೆ. ಕಲ್ಟ್ ಸಿನೆಮಾ ಅನ್ನುವುದು ಈ ಎರಡನೆಯ ಜಾತಿಯದು. ನಲವತ್ತನೆಯ ಸಲ ನೋಡುವವನಿಗಾಗಿ ಯಾರೋ ಆ ಪುಸ್ತಕವನ್ನು ಅಲ್ಲಿ ಇಟ್ಟಿದ್ದಾರೆ.

ನಾವು ನಾಲ್ಕು ಜನ ಅದನ್ನು ಮೊದಲು ನೋಡಿದ್ದು 2004ರಲ್ಲಿ, ಧಾರವಾಡದ ಹಾಸ್ಟೆಲಿನಲ್ಲಿ. ಯಾರದೋ ಅಣ್ಣ ಕೊಟ್ಟಿದ್ದ ಎರಡು ಸೀಡಿಗಳು. ಎರಡನೆಯದು ಗೀರು ಬಿದ್ದು ಕೊನೆಯ ಹತ್ತು ನಿಮಿಷ ತಟಪಟ ಅನ್ನುತ್ತಿತ್ತು. ಹೊರಗೆ ಜಿಟಿಜಿಟಿ ಮಳೆ, ಒಳಗೆ ಒಂದು ಕಂಪ್ಯೂಟರಿನ ಮುಂದೆ ಹನ್ನೊಂದು ತಲೆ. ಹೆದರಲೆಂದೇ ಎಲ್ಲರೂ ದೀಪ ಆರಿಸಿ ಕೂತಿದ್ದೆವು. ಅಡುಗೆಮನೆಯ ದೃಶ್ಯ ಬಂದಾಗ ಬೀದರಿನ ಗೆಳೆಯ, "ಲೇ, ಅಂವನ ಕೈನೇ ಅಂವಂಗ ಹೊಡಿಲತ್ತದ ನೋಡಲೇ!" ಎಂದು ಕೂಗಿ ಮಂಚದಿಂದ ಕೆಳಗೆ ಬಿದ್ದ. ಅಂದಿನಿಂದ ಅವನು ಆ ಸಿನೆಮಾದ ಭಕ್ತ. ನಮ್ಮ ಪೈಕಿ ಯಾರಿಗೂ ಆ ಅಮೆರಿಕನ್ ಇಂಗ್ಲಿಷು ಅರ್ಧಕ್ಕಿಂತ ಹೆಚ್ಚು ತಿಳಿಯುತ್ತಿರಲಿಲ್ಲ. ತಿಳಿಯಬೇಕಾದ ಅಗತ್ಯವೂ ಇರಲಿಲ್ಲ. ತನ್ನ ಕೈ ತನಗೇ ಹೊಡೆಯುವುದಕ್ಕೆ ಯಾವ ಭಾಷೆ ಬೇಕು?

ಆಮೇಲೆ ಒಂದೊಂದಾಗಿ ಅದರ ಹಿಂದಿನ ಕತೆ ಗೊತ್ತಾಗುತ್ತ ಹೋಯಿತು. ಅಮೆರಿಕದ ಮಿಶಿಗನ್ ರಾಜ್ಯದ, ಡೆಟ್ರಾಯಿಟ್ ಸುತ್ತಿನ ಹುಡುಗರು. ಸ್ಯಾಮ್ ರೈಮಿ ನಿರ್ದೇಶಕ, ಬ್ರೂಸ್ ಕ್ಯಾಂಪ್‌ಬೆಲ್ ನಟ, ರಾಬ್ ಟ್ಯಾಪರ್ಟ್ ನಿರ್ಮಾಪಕ. ರೈಮಿ ಮತ್ತು ಕ್ಯಾಂಪ್‌ಬೆಲ್ ಹೈಸ್ಕೂಲಿನಿಂದಲೇ ಸೂಪರ್-8 ಕ್ಯಾಮೆರಾ ಹಿಡಿದು ಒಬ್ಬರ ಮುಖಕ್ಕೊಬ್ಬರು ಕಡುಬು ಬಡಿಯುವಂಥ ತಮಾಷೆಯ ಚಿತ್ರ ಮಾಡಿಕೊಂಡಿದ್ದವರು. 'ತ್ರೀ ಸ್ಟೂಜಸ್' ಎಂಬ ಹಳೆಯ ಕಾಲದ ಹಾಸ್ಯದ ಮೂವರು ಅವರ ಗುರುಗಳು. ದುಡ್ಡು ಹುಟ್ಟಿಸಲು 1978ರಲ್ಲಿ 'ವಿದಿನ್ ದ ವುಡ್ಸ್' ಎಂಬ ಅರ್ಧ ಗಂಟೆಯ ಮಾದರಿ ಚಿತ್ರ ತೆಗೆದರು. ಅದನ್ನು ಊರಿನ ದಂತವೈದ್ಯರಿಗೂ ವಕೀಲರಿಗೂ ತೋರಿಸಿ ವಂತಿಗೆ ಎತ್ತಿದರು. 1979ರ ಚಳಿಗಾಲಕ್ಕೆ ಟೆನೆಸಿಯ ಮಾರಿಸ್‌ಟೌನ್ ಹತ್ತಿರದ ಕಾಡಿನಲ್ಲಿ ಒಂದು ಹಾಳು ಮನೆ ಹಿಡಿದು ಚಿತ್ರೀಕರಣಕ್ಕೆ ಕೂತಾಗ ರೈಮಿಗೆ ಇಪ್ಪತ್ತು ವರ್ಷ. ಅಂದುಕೊಂಡದ್ದಕ್ಕಿಂತ ಬಹಳ ಹೆಚ್ಚು ದಿನ ಹಿಡಿಯಿತು. ಚಳಿ ತಡೆಯಲಾರದೆ ಕೊನೆಗೆ ಮನೆಯೊಳಗಿನ ಪೀಠೋಪಕರಣಗಳನ್ನೇ ಉರಿಸಿ ಮೈ ಕಾಯಿಸಿಕೊಂಡರಂತೆ. ಕ್ಯಾಮೆರಾಕ್ಕೆ ಹಳಿ, ಗಾಲಿ ಕೊಳ್ಳಲು ದುಡ್ಡಿಲ್ಲ. ಉದ್ದನೆಯ ಹಲಗೆಗೆ ಕ್ಯಾಮೆರಾ ಕಟ್ಟಿ, ಎರಡು ತುದಿಗೆ ಇಬ್ಬರು ಹಿಡಿದು ಕಾಡಿನಲ್ಲಿ ಓಡಿದರು. ಕಾಣದ ದೆವ್ವ ನೆಲದಿಂದ ಗೇಣೆತ್ತರದಲ್ಲಿ ನುಗ್ಗಿ ಬರುವ ಆ ಪ್ರಸಿದ್ಧ ದೃಶ್ಯಗಳು ಹಾಗೆ ಹುಟ್ಟಿದ್ದು. ರಕ್ತ ಅಂದರೆ ಜೋಳದ ಸಿರಪ್ಪು, ಕೆಂಪು ಬಣ್ಣ, ಕಾಫಿಗೆ ಹಾಕುವ ಕ್ರೀಮರ್ ಪುಡಿ. ಅದು ಮೈಮೇಲೆ ಒಣಗಿ, ಅಂಗಿ ಹಲಗೆಯ ಹಾಗೆ ಸೆಟೆದುಕೊಳ್ಳುತ್ತಿತ್ತು.

ಕಲಾವಿದರು ಒಬ್ಬೊಬ್ಬರೇ ಮನೆಗೆ ಹೋದ ಮೇಲೆ ಅವರ ಪಾತ್ರಗಳ ಬೆನ್ನು, ಕೈ, ಕಾಲುಗಳಾಗಿ ಉಳಿದವರೇ ನಿಂತರು. ಇಂಥ ಬದಲಿ ದೇಹಗಳಿಗೆ ಅವರಿಟ್ಟ ಹೆಸರು 'ಫೇಕ್ ಶೆಂಪ್'. ಸ್ಟೂಜಸ್ ಪೈಕಿ ಶೆಂಪ್ ಹವರ್ಡ್ 1955ರಲ್ಲಿ ತೀರಿಕೊಂಡಾಗ, ಬಾಕಿ ಉಳಿದ ಚಿತ್ರಗಳಿಗೆ ಬೇರೊಬ್ಬನನ್ನು ಬೆನ್ನು ತಿರುಗಿಸಿ ನಿಲ್ಲಿಸಿದ್ದರು, ಅದರ ನೆನಪಿಗೆ. ನಮ್ಮ ಹಾಸ್ಟೆಲಿನಲ್ಲಿ ಹಾಜರಿಗೆ ಇನ್ನೊಬ್ಬರ ಪರವಾಗಿ 'ಎಸ್ ಸರ್' ಅನ್ನುವವನಿಗೆ ಶೆಂಪ್ ಎಂದೇ ಕರೆಯುತ್ತಿದ್ದೆವು. ಹೆಸರಿನ ಮೂಲ ಗೊತ್ತಿಲ್ಲದ ಜೂನಿಯರ್‌ಗಳೂ ಅದನ್ನು ಮುಂದುವರಿಸಿದರು.

ಮೊದಲ 'ಈವಿಲ್ ಡೆಡ್' 1981ರ ಅಕ್ಟೋಬರಿನಲ್ಲಿ ಡೆಟ್ರಾಯಿಟಿನ ರೆಡ್‌ಫರ್ಡ್ ಥಿಯೇಟರಿನಲ್ಲಿ ತೆರೆ ಕಂಡಿತು. ಸ್ಟೀಫನ್ ಕಿಂಗ್ ಮೆಚ್ಚಿ ಬರೆದದ್ದು ಅದಕ್ಕೆ ದಾರಿ ಮಾಡಿಕೊಟ್ಟಿತು. ಬ್ರಿಟನ್ನಿನಲ್ಲಿ 'ವಿಡಿಯೊ ನ್ಯಾಸ್ಟಿ' ಎಂದು ಹಣೆಪಟ್ಟಿ ಹಚ್ಚಿ ಕಾಡಿದರು. ಆ ಮೊದಲ ಚಿತ್ರ ನನಗೆ ಅಷ್ಟು ಪ್ರಿಯವಲ್ಲ. ಅದರಲ್ಲಿ ಕಾಡಿನ ಮರಬಳ್ಳಿಗಳು ಒಬ್ಬ ಹುಡುಗಿಯ ಮೇಲೆ ಎರಗುವ ದೃಶ್ಯವೊಂದಿದೆ. ಅದನ್ನು ನಾನು ಹಾಯಿಸಿಬಿಡುತ್ತೇನೆ. ಅಭಿಮಾನಿ ಎಂದ ಮಾತ್ರಕ್ಕೆ ಎಲ್ಲವನ್ನೂ ನುಂಗಬೇಕಾಗಿಲ್ಲ. ಎರಡನೆಯದರಲ್ಲಿ ಅದೇ ಕಾಡು, ಅದೇ ಮನೆ, ಅದೇ ಆಶ್. ಆದರೆ ಭಯದ ಪಾತ್ರೆಗೆ ನಗೆಯನ್ನು ಸುರಿದು ಕಲಕಿದ್ದಾರೆ. ಹಳೆಯ ಚಿತ್ರದ ತುಣುಕು ಬಳಸುವ ಹಕ್ಕು ಸಿಗದೆ, ಹಿಂದಿನ ಕತೆಯನ್ನೇ ಹೊಸದಾಗಿ ಚಿಕ್ಕದು ಮಾಡಿ ತೆಗೆದರು. ಅದಕ್ಕೇ ಇದು ಎರಡನೆಯ ಭಾಗವೋ ಮೊದಲನೆಯದರ ಮರುಸೃಷ್ಟಿಯೋ ಎಂದು ಅಭಿಮಾನಿಗಳು ಇಂದಿಗೂ ಜಗಳ ಆಡುತ್ತಾರೆ. ಬೀದರಿನ ಗೆಳೆಯನೂ ನಾನೂ ಈ ವಿಷಯಕ್ಕೆ ಒಮ್ಮೆ ಎರಡು ದಿನ ಮಾತು ಬಿಟ್ಟಿದ್ದೆವು.

ಆದರೆ ಈ ಆಶ್‌ನನ್ನು ಇಷ್ಟು ಹಚ್ಚಿಕೊಳ್ಳುವುದು ಯಾಕೆ? ಅವನಲ್ಲಿ ನಾಯಕನ ಒಂದು ಲಕ್ಷಣವೂ ಇಲ್ಲ, ಗಲ್ಲದ ಹೊರತು. ಕ್ಯಾಂಪ್‌ಬೆಲ್ಲನ ಆ ದೊಡ್ಡ ಚೌಕ ಗಲ್ಲ ಎಷ್ಟು ಪ್ರಸಿದ್ಧವೆಂದರೆ ಅವನು ತನ್ನ ಆತ್ಮಕತೆಗೆ 'ಇಫ್ ಚಿನ್ಸ್ ಕುಡ್ ಕಿಲ್' ಎಂದೇ ಹೆಸರಿಟ್ಟ. ಆಶ್ ಅಂಗಡಿಯಲ್ಲಿ ಮನೆಸಾಮಾನು ಮಾರುವವನು. ಬಡಾಯಿಕೋರ, ದಡ್ಡ. ಮೂರನೆಯ ಚಿತ್ರ 'ಆರ್ಮಿ ಆಫ್ ಡಾರ್ಕ್‌ನೆಸ್'ನಲ್ಲಿ ಅವನು ಮಧ್ಯಯುಗಕ್ಕೆ ಹೋಗಿ ಬಿದ್ದಿದ್ದಾನೆ. ಶಾಪದ ಪುಸ್ತಕವನ್ನು ಎತ್ತಿಕೊಳ್ಳುವ ಮುನ್ನ ಮೂರೇ ಮೂರು ಶಬ್ದ ಹೇಳಬೇಕು. ನೆನಪಿದೆಯೇನೋ ಎಂದು ಕೇಳಿದವರ ಮೇಲೆ ರೇಗುತ್ತಾನೆ. ಸಮಯ ಬಂದಾಗ ಮೂರನೆಯ ಶಬ್ದ ಮರೆತು, ಅಲ್ಲಿ ಕೆಮ್ಮಿಬಿಡುತ್ತಾನೆ. ಸತ್ತವರ ಸೈನ್ಯವೇ ಎದ್ದು ನಿಲ್ಲುತ್ತದೆ. ಮೌಖಿಕ ಪರೀಕ್ಷೆಯಲ್ಲಿ ಉತ್ತರದ ಬದಲು ಕೆಮ್ಮಿದ ನಮ್ಮಂಥವರಿಗೆ ಇವನಿಗಿಂತ ಹತ್ತಿರದ ಬಂಧು ಯಾರು? ಅವನು ಪಾಠ ಕಲಿಯುವುದೂ ಇಲ್ಲ. ಮೂರು ಚಿತ್ರ ಮುಗಿದರೂ ಅದೇ ಬಡಾಯಿ. ಮದುವೆಮನೆಯಲ್ಲಿ ಎಲ್ಲರನ್ನೂ ಕಾಲೆಳೆದು, ತಾನೇ ಸಾರಿನ ಮೇಲೆ ಜಾರಿ ಬೀಳುವ ಸೋದರಮಾವನ ಮೇಲೆ ಇರುವಂಥ ಪ್ರೀತಿ ನಮಗೆ ಅವನ ಮೇಲೆ.

ನಮ್ಮ ಶಿರಸಿ ಸೀಮೆಯಲ್ಲಿ ಭಯ ಮತ್ತು ನಗೆ ಅಕ್ಕಪಕ್ಕ ಕೂರುವುದು ಹೊಸದಲ್ಲ. ರಾತ್ರಿಯಿಡೀ ನಡೆಯುವ ಯಕ್ಷಗಾನದಲ್ಲಿ ರಕ್ಕಸನ ವೇಷ ಆರ್ಭಟ ಕೊಡುತ್ತ ರಂಗಕ್ಕೆ ಬಂದರೆ ಮಕ್ಕಳು ಅಮ್ಮನ ಸೆರಗಿನೊಳಗೆ ಹೋಗುತ್ತವೆ. ಸ್ವಲ್ಪ ಹೊತ್ತಿಗೆ ಹಾಸ್ಯಗಾರ ಬಂದು ಅದೇ ರಕ್ಕಸನ ಜೊತೆ ಲೋಕಾಭಿರಾಮ ಶುರುಮಾಡಿದರೆ ಅದೇ ಮಕ್ಕಳು ಸೆರಗಿನಿಂದ ತಲೆ ಹೊರಗೆ ಹಾಕುತ್ತವೆ. ರೈಮಿ ಮಾಡಿದ್ದು, ರಕ್ಕಸನನ್ನೂ ಹಾಸ್ಯಗಾರನನ್ನೂ ಒಂದೇ ಮೈಯಲ್ಲಿ ಇಟ್ಟದ್ದು. ಬಲಗೈ ರಕ್ಕಸ, ಉಳಿದದ್ದೆಲ್ಲ ಹಾಸ್ಯಗಾರ. ಆ ಅಡುಗೆಮನೆಯ ದೃಶ್ಯದಲ್ಲಿ ಇನ್ನೊಬ್ಬ ನಟನಿಲ್ಲ. ಕ್ಯಾಂಪ್‌ಬೆಲ್ ಒಬ್ಬನೇ ಹೊಡೆಯುವವ, ಹೊಡೆಸಿಕೊಳ್ಳುವವ. ಪಲ್ಟಿಯೂ ಅವನದೇ. ಒಳ್ಳೆಯ ವೇಷಧಾರಿಗಳನ್ನು ನೋಡಿ ಬೆಳೆದವರಿಗೆ ಇದು ಎಷ್ಟು ಕಷ್ಟದ ಕೆಲಸ ಎಂದು ಬೇಗ ತಿಳಿಯುತ್ತದೆ.

ಅಪ್ಪ ಶಿರಸಿಯಲ್ಲಿ ದರ್ಜಿ. ಮೂವತ್ತು ವರ್ಷ ಒಂದೇ ಅಂಗಡಿ, ಒಂದೇ ಕತ್ತರಿ. 2012ರ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಅವರಿಗೆ ಲಕ್ವ ಹೊಡೆಯಿತು. ಮಾತು ಒಂದು ತಿಂಗಳಲ್ಲಿ ಬಹುಮಟ್ಟಿಗೆ ಮರಳಿತು. ಕಾಲು ಎಳೆದೆಳೆದು ನಡೆಯುವಷ್ಟಾಯಿತು. ಬಲಗೈ ಬರಲಿಲ್ಲ. ಮೊಣಕೈ ಮಡಚಿ ಎದೆಗೆ ಅಂಟಿಕೊಂಡಿತು, ಬೆರಳುಗಳು ಒಳಗೆ ಮುದುಡಿಕೊಂಡವು. ವ್ಯಾಯಾಮ ಹೇಳಿಕೊಡಲು ಬರುತ್ತಿದ್ದ ಹುಡುಗಿ ಒಂದೊಂದೇ ಬೆರಳು ಬಿಡಿಸಿ ಹೋದರೆ ಅರ್ಧ ಗಂಟೆಗೆ ಮತ್ತೆ ಮುಷ್ಟಿ.

ಒಂದು ಸಂಜೆ ಅಪ್ಪ ಆಕಳಿಸಿದರು. ಆಕಳಿಕೆಯ ಜೊತೆ, ಅಲ್ಲಾಡದಿದ್ದ ಆ ಬಲಗೈ ತಂತಾನೇ ಮೇಲೆದ್ದಿತು. ನಿಧಾನವಾಗಿ, ಯಾರೋ ದಾರ ಕಟ್ಟಿ ಎತ್ತಿದ ಹಾಗೆ. ಬಾಯಿ ಮುಚ್ಚಿದ ಕೂಡಲೇ ಕೆಳಗಿಳಿಯಿತು. ಅಮ್ಮ ಮಾರಿಕಾಂಬೆಗೆ ಕೈಮುಗಿದು ಅತ್ತಳು. ಕೈ ಬಂತು ಅಂದುಕೊಂಡಳು. ಲಕ್ವ ಹೊಡೆದ ಕೆಲವರಲ್ಲಿ ಹೀಗಾಗುವುದುಂಟು, ಆಕಳಿಕೆಯ ದಾರಿ ಬೇರೆ, ನಾವು ಬೇಕೆಂದು ಕೈ ಎತ್ತುವ ದಾರಿ ಬೇರೆ, ಇದರಿಂದ ಕೈ ಗುಣವಾಗುತ್ತಿದೆ ಎಂದು ತಿಳಿಯಬಾರದು ಎಂದು ಡಾಕ್ಟರು ವಿವರಿಸಿದರು. ಅಪ್ಪ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಆಕಳಿಕೆ ಬಂದರೆ ಎಡಗೈಯಿಂದ ಬಲಗೈಯನ್ನು ಒತ್ತಿ ಹಿಡಿದುಕೊಳ್ಳಲು ಶುರುಮಾಡಿದರು. ಯಾರಾದರೂ ನೋಡಿಯಾರು ಎಂಬ ನಾಚಿಕೆ.

ಮನೆಯಲ್ಲಿ ನಗೆ ನಿಂತಿತ್ತು. ನೋಡಲು ಬಂದವರೆಲ್ಲ ದನಿ ತಗ್ಗಿಸಿ ಮಾತಾಡುತ್ತಿದ್ದರು. ಅಪ್ಪ ಎದುರಿಗಿದ್ದರೂ, ಅವರಿಗೆ ಊಟ ಸೇರುತ್ತದೆಯೋ ಎಂದು ಅಮ್ಮನನ್ನು ಕೇಳುತ್ತಿದ್ದರು. ಅಂಥ ದಿನಗಳಲ್ಲಿ ಬೀದರಿನ ಗೆಳೆಯ ಬಂದ. ರಾತ್ರಿ ಊಟವಾದ ಮೇಲೆ ಅವನ ಲ್ಯಾಪ್‌ಟಾಪಿನಲ್ಲಿ ಏನಿದೆ ಎಂದು ಅಪ್ಪ ಕೇಳಿದರು. ಅವನು ಹೆಸರು ಹೇಳಿದ. ನಾನು ಬೇಡವೆಂದು ಕಣ್ಸನ್ನೆ ಮಾಡಿದೆ. ಅಪ್ಪ ಅದನ್ನು ನೋಡಿದರು.

"ಎಂತದು? ಹಾಕು, ನಾನೂ ನೋಡ್ತೆ."

ಹಾಕಿದೆವು. ಕೈಗೆ ದೆವ್ವ ಹಿಡಿಯುವ ಹೊತ್ತಿಗೆ ನಾನು ಪರದೆ ನೋಡುವುದು ಬಿಟ್ಟು ಅಪ್ಪನ ಮುಖ ನೋಡುತ್ತಿದ್ದೆ. ಅಮ್ಮ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಿದ್ದಳು. ತಟ್ಟೆಗಳು ಒಡೆದವು. ಅಪ್ಪ ಸುಮ್ಮನಿದ್ದರು. ಪಲ್ಟಿ ಹೊಡೆದ. ಸುಮ್ಮನಿದ್ದರು. ಮೂರ್ಛೆ ಬಿದ್ದ ದೇಹವನ್ನು ಕೈ ಎಳೆದುಕೊಂಡು ಹೊರಟಾಗ ಅಪ್ಪನ ಹೊಟ್ಟೆ ಅಲುಗತೊಡಗಿತು. ಆಮೇಲೆ ದನಿ ಬಂತು. ಲಕ್ವದ ನಂತರ ಅವರ ನಗೆ ಒಂದು ಕಡೆಗೆ ವಾಲಿತ್ತು, ಅದನ್ನು ನಾವು ಅಂದೇ ಮೊದಲು ನೋಡಿದ್ದು.

"ತಮಾ," ಎಂದರು ಕಣ್ಣೊರೆಸಿಕೊಳ್ಳುತ್ತ, "ಅವನ ಕೈ ಅಡ್ಡಿಲ್ಲ ಬಿಡು. ಕೆಲಸನಾದ್ರೂ ಮಾಡ್ತದೆ!"

ಬೀದರಿನ ಗೆಳೆಯ ನಗಬೇಕೋ ಬೇಡವೋ ತಿಳಿಯದೆ ನನ್ನ ಕಡೆ ನೋಡಿದ. ಬಾಗಿಲಲ್ಲಿದ್ದ ಅಮ್ಮ ಮೊದಲು ನಕ್ಕಳು. ಆಮೇಲೆ ಎಲ್ಲರೂ. ತೆರೆಯ ಮೇಲೆ ಗೋಡೆಗೆ ಹಾಕಿದ್ದ ಜಿಂಕೆಯ ತಲೆ ನಗಲು ಶುರುಮಾಡಿತ್ತು, ಅದರ ಜೊತೆ ದೀಪ, ಪುಸ್ತಕ, ಇಡೀ ಕೋಣೆ, ಕೊನೆಗೆ ಆಶ್ ಕೂಡ, ಹುಚ್ಚು ಹಿಡಿದವನ ಹಾಗೆ. ಹಾಸ್ಟೆಲಿನಲ್ಲಿ ಆ ದೃಶ್ಯ ಬಂದಾಗ ನಾವು ಗದ್ದಲ ಮಾಡುತ್ತಿದ್ದೆವು. ಅದರೊಳಗೆ ಎಷ್ಟು ಸಂಕಟವಿದೆ ಎಂದು ನಾನು ಕಂಡದ್ದು ಆ ರಾತ್ರಿ. ಎಲ್ಲವನ್ನೂ ಕಳೆದುಕೊಂಡವನಿಗೆ ಮನೆಯ ಸಾಮಾನುಗಳೇ ನಕ್ಕರೆ, ಅವನಾದರೂ ಏನು ಮಾಡಬೇಕು?

ಮರುದಿನದಿಂದ ಅಪ್ಪ ತಮ್ಮ ಬಲಗೈಗೆ 'ದೆವ್ವ' ಎಂದು ಹೆಸರಿಟ್ಟರು. ಆಕಳಿಕೆ ಬಂದು ಕೈ ಮೇಲೆದ್ದರೆ ಒತ್ತಿ ಹಿಡಿಯುತ್ತಿರಲಿಲ್ಲ. "ನೋಡಿ, ದೆವ್ವ ಎದ್ದಿತು" ಎಂದು ಬಂದವರಿಗೇ ತೋರಿಸುತ್ತಿದ್ದರು. ಅದರಿಂದ ಕೈಯೇನೂ ಗುಣವಾಗಲಿಲ್ಲ. ರಾತ್ರಿ ನೋವಿಗೆ ನರಳುವುದು ತಪ್ಪಲಿಲ್ಲ. ಬಂದವರು ಮಾತ್ರ ಅಪ್ಪನ ಜೊತೆ ನೇರವಾಗಿ ಮಾತಾಡಲು ಶುರುಮಾಡಿದರು.

ಅಂಗಡಿಗೆ ಮರಳಿದ್ದು ಆರು ತಿಂಗಳಿಗೆ. ಆಶ್‌ನ ಹಾಗೆ ಮೊಂಡು ಕೈಗೆ ಚೈನ್‌ಸಾ ಕಟ್ಟಿಕೊಂಡು, ಬಂದೂಕಿನ ನಳಿಗೆ ಕೊಯ್ದು, "ಗ್ರೂವಿ" ಅಂದುಬಿಡುವಷ್ಟು ಸಲೀಸಲ್ಲ ಅದು. ದರ್ಜಿಯ ಕತ್ತರಿ ಬಲಗೈಗೆಂದೇ ಮಾಡಿದ್ದು. ಎಡಗೈಯಲ್ಲಿ ಹಿಡಿದರೆ ಹೆಬ್ಬೆರಳಿನ ಒತ್ತಡಕ್ಕೆ ಎರಡು ಅಲಗು ಕೂಡುವುದರ ಬದಲು ದೂರ ಸರಿಯುತ್ತವೆ. ಬಟ್ಟೆ ಕತ್ತರಿಸುವುದಿಲ್ಲ, ನಡುವೆ ಮಡಚಿಕೊಳ್ಳುತ್ತದೆ. ಎಡಚರ ಕತ್ತರಿಯೊಂದನ್ನು ನಾನು ಬೆಂಗಳೂರಿನಿಂದ ತಂದುಕೊಟ್ಟೆ. ಅದು ಕತ್ತರಿಸಿತು, ಆದರೆ ಮೂವತ್ತು ವರ್ಷದ ಲೆಕ್ಕ ಇದ್ದದ್ದು ಇನ್ನೊಂದು ಕೈಯಲ್ಲಿ. ಎರಡು ಬ್ಲೌಸ್ ಪೀಸು ಹಾಳಾದ ಮೇಲೆ ಅದನ್ನು ಮೇಜಿನ ಖಾನೆಗೆ ಹಾಕಿಟ್ಟರು. ಅಳತೆ ಬರೆದುಕೊಳ್ಳುವುದು, ಎಡಗೈಯಲ್ಲಿ ಸೀಮೆಸುಣ್ಣದ ಗೆರೆ ಎಳೆಯುವುದು ಅಪ್ಪನ ಕೆಲಸ. ಕತ್ತರಿಸುವುದು, ಹೊಲಿಯುವುದು ಸಹಾಯಕನ ಕೆಲಸ. ಸುರುವಿನಲ್ಲಿ ಗೆರೆ ಹಾವಿನ ಹಾಗೆ ಹೋಗುತ್ತಿತ್ತು. ಒಂದು ವರ್ಷಕ್ಕೆ ನೆಟ್ಟಗಾಯಿತು.

2015ರಲ್ಲಿ 'ಆಶ್ ವರ್ಸಸ್ ಈವಿಲ್ ಡೆಡ್' ಸರಣಿ ಬಂತು. ಅಪ್ಪನಿಗೆ ಕೆಲವು ಕಂತು ತೋರಿಸಿದೆ. ಈಗ ಆಶ್‌ಗೆ ವಯಸ್ಸಾಗಿದೆ. ಮೊದಲ ದೃಶ್ಯದಲ್ಲೇ ಹೊಟ್ಟೆ ಒಳಗೆ ಎಳೆದು ಅಗಲ ಪಟ್ಟಿ ಬಿಗಿದುಕೊಳ್ಳುತ್ತಾನೆ. ಕೈಯಿದ್ದ ಜಾಗದಲ್ಲಿ ಮರದ ಕೈ. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಯಾವ ಮರ ಅದು? ಸಾಗವಾನಿಯೋ ಬೀಟೆಯೋ?" ಕಾಡಿನ ಸೀಮೆಯವರು ಇನ್ನೇನು ಕೇಳುತ್ತಾರೆ. ಮೂರು ಸೀಸನ್ ಆಗಿ 2018ರಲ್ಲಿ ಅದು ನಿಂತಾಗ, ಇನ್ನು ಆ ಪಾತ್ರಕ್ಕೆ ತಾನು ಬಣ್ಣ ಹಚ್ಚುವುದಿಲ್ಲ ಎಂದು ಕ್ಯಾಂಪ್‌ಬೆಲ್ ಹೇಳಿದ. ನಲವತ್ತು ವರ್ಷ ಒಂದೇ ಪಾತ್ರದ ಏಟು ತಿಂದವನು. ಬೀದರಿನ ಗೆಳೆಯ ಆ ದಿನ ಫೋನು ಮಾಡಿ ಬಹಳ ಹೊತ್ತು ಏನೂ ಮಾತಾಡಲಿಲ್ಲ. ನಂತರ, "ನಿಮ್ಮಪ್ಪಗ ಹೇಳಬ್ಯಾಡ" ಅಂದ. ಅಪ್ಪ ಅಷ್ಟು ಹಚ್ಚಿಕೊಂಡಿರಲಿಲ್ಲ, ಆದರೂ ನಾನು ಹೇಳಲಿಲ್ಲ.

ಅದೇ ಗೆಳೆಯ ಬೆಂಗಳೂರಿನ ಕಾಮಿಕ್ ಕಾನ್‌ಗೆ ಆಶ್‌ನ ವೇಷದಲ್ಲಿ ಹೋಗುವವನಿದ್ದ. ಚೈನ್‌ಸಾವನ್ನು ರಟ್ಟಿನಲ್ಲಿ ತಾನೇ ಮಾಡಿಕೊಂಡಿದ್ದ. ಅಂಗಿಯನ್ನು ಮಾತ್ರ ಅಪ್ಪನೇ ಹೊಲಿಯಬೇಕು ಎಂದು ಹಟ ಹಿಡಿದ. ನೀಲಿ ಬಣ್ಣದ, ಉದ್ದ ತೋಳಿನ, ಗುಂಡಿಯ ಸಾದಾ ಅಂಗಿ. ಅಪ್ಪ ಚಿತ್ರಗಳನ್ನು ಮೊಬೈಲಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದರು. ಕಾಲರಿನ ಅಗಲ, ಜೇಬಿನ ಜಾಗ ಬರೆದುಕೊಂಡರು. ಎಡಗೈಯಲ್ಲೇ ಗೆರೆ ಎಳೆದರು, ಹುಡುಗ ಕತ್ತರಿಸಿ ಹೊಲಿದ. ಕಾಜಾ ಗುಂಡಿ ಎಲ್ಲ ಆಗಿ, ಇಸ್ತ್ರಿಯಾಗಿ, ಅಂಗಿ ತಯಾರಾದ ಮೇಲೆ ಗೆಳೆಯ ನಿಜವಾದ ಕೆಲಸ ಹೇಳಿದ: ಬಲತೋಳನ್ನು ಹರಿಯಬೇಕು, ಎದೆಯ ಮೇಲೂ ಒಂದೆರಡು ಕಡೆ ಸೀಳಬೇಕು, ಆಗಲೇ ಅದು ಆಶ್‌ನ ಅಂಗಿ.

ಅಪ್ಪ ಅವನನ್ನೇ ನೋಡಿದರು. "ಹೊಸ ಅಂಗಿ ಹರಿಯೋದಾ?"

"ಹೌದ್ರೀ ಕಾಕಾ. ಹಂಗೇ ಅದ ಅದು."

"ನನ್ನ ಅಂಗಡಿಯಿಂದ ಹರಿದ ಅಂಗಿ ಹೊರಗೆ ಹೋಗೋದಿಲ್ಲ," ಎಂದು ಅಪ್ಪ ಅಂಗಿಯನ್ನು ಮಡಚಿಟ್ಟರು. ಗೆಳೆಯ ಒಂದು ಗಂಟೆ ಗೋಗರೆದ. ಚಹಾ ಬಂತು. ಆಮೇಲೆ ಅಪ್ಪನೇ ಎದ್ದು, ಖಾನೆಯಿಂದ ಆ ಎಡಚರ ಕತ್ತರಿ ತೆಗೆದು, ಬಲತೋಳನ್ನು ಮೊಣಕೈ ಮೇಲೆ ಓರೆಯಾಗಿ ಕತ್ತರಿಸಿದರು. ಎದೆಯ ಮೇಲೆ ಎರಡು ಸೀಳು ಹಾಕಿದರು. ಗೆಳೆಯ ಕೈಯೊಡ್ಡಿದ. ಅಪ್ಪ ಕೊಡಲಿಲ್ಲ. ಅಂಗಿಯನ್ನು ಹುಡುಗನ ಕಡೆ ಎಸೆದು, ಹರಿದ ಅಂಚಿಗೆಲ್ಲ ಸುತ್ತ ಹೊಲಿಗೆ ಹಾಕಿ ಕೊಡು, ಎಳೆ ಬಿಟ್ಟುಹೋದೀತು ಎಂದರು.